ಕಾಕಾ ಕೇಳಿದ ಒಂದು ಸಾಲು

ಬ್ಯಾಟರಿಯ ತಿರುಪು ಸಡಿಲಾಗಿರಬಹುದು. ಅರ್ಥಿಂಗ್ ವೈರಿನ ಬುಡಕ್ಕೆ ತುಕ್ಕು ಹತ್ತಿರಬಹುದು. ಫ್ಯೂಸು ಕೂಡುವ ಜಾಗ ಸುಟ್ಟು ಕರಕಾಗಿರಬಹುದು. ಹ್ಯಾಂಡಲ್ ಹೊರಳಿಸುವಾಗ ಒಳಗಿನ ವೈರು ಕಬ್ಬಿಣಕ್ಕೆ ತಿಕ್ಕಿ ಸಿಪ್ಪೆ ಸುಲಿದಿರಬಹುದು. ಇಲಿ ಕಡಿದಿರಬಹುದು. ಗಾಡಿ ತೊಳೆದವರು ಪೈಪಿನ ನೀರನ್ನು ನೇರ ಸ್ವಿಚ್ಚಿಗೇ ಹಿಡಿದಿರಬಹುದು. ಹಿಂದೆ ಯಾರೋ ಕಳ್ಳರ ಭಯಕ್ಕೆ ಅಲಾರಂ ಕೂಡಿಸಿ, ಆಮೇಲೆ ಅದನ್ನು ಕಿತ್ತು, ಬರೀ ಟೇಪು ಸುತ್ತಿ ಬಿಟ್ಟಿರಬಹುದು. ಚಾವಿಯ ಲಾಕ್ ಸವೆದಿರಬಹುದು. ಗಾಡಿಯ ಯಜಮಾನರಿಗೆ ವಯಸ್ಸಾಗಿರಬಹುದು.

ಹೋದ ವಾರ ಗ್ಯಾಸಿನ ಪುಸ್ತಕ ಹುಡುಕುತ್ತ ಮಂಚದ ಕೆಳಗಿನ ತಗಡಿನ ಪೆಟ್ಟಿಗೆ ತೆಗೆದೆ. ಮುಚ್ಚಳ ಎತ್ತುತ್ತಲೇ ಹಳೆಯ ಕಾರ್ಬನ್ ಹಾಳೆಯ ವಾಸನೆ, ಅದರೊಳಗೆ ಸ್ವಲ್ಪ ಗ್ರೀಸಿನ ವಾಸನೆ... ಕೈಗೆ ಸಿಕ್ಕಿದ್ದು ಒಂದು ಜಾಬ್ ಕಾರ್ಡಿನ ನೀಲಿ ಪ್ರತಿ. ಅದರ ಬೆನ್ನಿಗೆ ಈ ಪಟ್ಟಿ. ಕೊನೆಯದೊಂದನ್ನು ಬಿಟ್ಟು ಉಳಿದೆಲ್ಲದರ ಮುಂದೆ ಸರಿ ಗುರುತು, ಅಂದರೆ ನೋಡಿದ್ದೇವೆ, ತೊಂದರೆ ಇಲ್ಲ. ಕೊನೆಯದರ ಮುಂದೆ ಪ್ರಶ್ನೆಯ ಗುರುತು. ಅಕ್ಷರ ನನ್ನದೇ.

"ಇದನ್ಯಾಕ ಇಟ್ಕೊಂಡೀರಿ?" ಎಂದಳು ಹೆಂಡತಿ.

"ನಾಳೆ ಯಾರರ ಕೇಳಿದ್ರ?"

"ಆ ಸರ್ವಿಸ್ ಸೆಂಟರ್ ಮುಚ್ಚಿ ಬಟ್ಟಿ ಅಂಗಡಿ ಆಗೇತಿ. ಯಾರ್ ಕೇಳ್ತಾರ?"

ಸರಿಯೇ. ಆದರೆ ಕೇಳುವವರೊಬ್ಬರು ಇದ್ದರು. ನಾಲ್ಕು ಸಲ ಬಂದು ಕೇಳಿದ್ದರು. ಕೊನೆಯ ಸಲ ಅವರು ಬರಲಿಲ್ಲ, ನಾನೇ ಹೋಗಿದ್ದೆ.

ನಾಂಪಲ್ಲಿ ರೈಲ್ವೆ ಸ್ಟೇಷನ್ನಿನಿಂದ ಕೂಗಳತೆಯಲ್ಲಿದ್ದ ಆ ಬೈಕ್ ಸರ್ವಿಸ್ ಸೆಂಟರಿನಲ್ಲಿ ಗಿರಾಕಿಗಳ ದೂರು ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಆ ಕುರ್ಚಿಗೆ ನನಗಿಂತ ತಕ್ಕವನು ಸಿಗುತ್ತಿರಲಿಲ್ಲ ಎಂದು ಮಾಲೀಕರು ನಗುತ್ತಿದ್ದರು. ಗಿರಾಕಿ ಒಂದು ದೂರು ಹೇಳಿದರೆ ನಾನು ಐದು ಊಹಿಸಿ ಬರೆಯುತ್ತಿದ್ದೆ. ಟ್ಯಾಂಕಿನ ಮೇಲಿನ ಗೀರುಗಳನ್ನು ಎಣಿಸಿ ಚಿತ್ರ ಬಿಡಿಸುತ್ತಿದ್ದೆ, ಆಮೇಲೆ ನೀವೇ ಗೀರಿದಿರಿ ಎಂದಾರೆಂದು. ಎಲ್ಲಕ್ಕಿಂತ ದೊಡ್ಡ ಭಯ ಚಾವಿಯದ್ದು. ಜನ ಗಾಡಿಯ ಚಾವಿಯ ಜೊತೆ ಮನೆ, ಬೀರು, ಅಂಗಡಿ, ಎಲ್ಲದರ ಚಾವಿಯನ್ನೂ ಒಂದೇ ರಿಂಗಿಗೆ ಹಾಕಿ ನಮ್ಮ ಕೈಗೆ ಕೊಟ್ಟು ಹೋಗುತ್ತಿದ್ದರು. ಒಂದು ಕಳೆದರೆ? ಯಾರಾದರೂ ಸಾಬೂನಿನಲ್ಲಿ ಅಚ್ಚೊತ್ತಿಕೊಂಡರೆ? ಆಮೇಲೆ ಆ ಮನೆಯಲ್ಲಿ ಕಳ್ಳತನವಾಗಿ ಪೊಲೀಸರು ನನ್ನ ಬಾಗಿಲು ತಟ್ಟಿದರೆ? ಹಾಗಾಗಿ ಯಾರೇ ಬರಲಿ, ಮೊದಲು ಗಾಡಿಯ ಚಾವಿಯನ್ನು ಬಿಡಿಸಿಕೊಂಡು ಉಳಿದ ಗೊಂಚಲನ್ನು ಅವರ ಕೈಗೇ ಕೊಡುತ್ತಿದ್ದೆ. ಉಗುರು ಒಡೆದರೂ ಬಿಡುತ್ತಿರಲಿಲ್ಲ. ಇದು ಯಾರೂ ಹೇಳಿದ ನಿಯಮವಲ್ಲ, ನಾನೇ ಮಾಡಿಕೊಂಡದ್ದು. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಅವರು ಮೊದಲ ಸಲ ಬಂದಾಗ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅರವತ್ತರ ಹತ್ತಿರದ ವಯಸ್ಸು. ಹಿಂದಿಯಲ್ಲಿ ಶುರು ಮಾಡಿ, ನನ್ನ ಮೇಜಿನ ಮೇಲಿದ್ದ ಕನ್ನಡ ಕ್ಯಾಲೆಂಡರ್ ನೋಡಿ ನಿಲ್ಲಿಸಿದರು.

"ಯಾವ ಕಡೆಯವರ್ರಿ?"

"ಲಿಂಗಸುಗೂರು ಕಡೆ."

"ಹಂಗಂದ್ರ ನಮ್ಮವರ. ನಮ್ಮದು ಕುಷ್ಟಗಿ. ಇನ್ನ ಛಲೋ ಆತು, ನನ್ನ ಮಾತು ತಿಳೀತೈತಿ."

ಅವತ್ತಿನಿಂದ ನನಗೆ ಅವರು ಕಾಕಾ. ಕೋಠಿ ಪೇಟೆಯ ಔಷಧದ ಸಗಟು ಅಂಗಡಿಯೊಂದರಲ್ಲಿ ಇಡೀ ಜನ್ಮ ಕಳೆದವರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಶಟರ್ ಎತ್ತುವುದು, ಎರಡು ಗೋದಾಮು ತೆರೆಯುವುದು, ಸಂಜೆ ಮತ್ತೆ ಮುಚ್ಚುವುದು ಅವರದೇ ಹೊಣೆ. ಆ ಶಟರುಗಳ ಚಾವಿ ಅಂದರೆ ಬೆರಳುದ್ದದ ಹಿತ್ತಾಳೆಯವು. ಎಲ್ಲ ಸೇರಿ ಒಂದು ಗೊಂಚಲು, ತೂಕ ಕಾಲು ಕಿಲೋ ಇದ್ದೀತು. ಅದನ್ನು ಬಿಡಿಸಿ ಕೊಡುವುದರಲ್ಲಿ ನನ್ನ ಹೆಬ್ಬೆರಳು ಕೆಂಪಾಯಿತು.

ದೂರು ಇಷ್ಟೇ. ಗಾಡಿ ಓಡುತ್ತ ಓಡುತ್ತ ಒಮ್ಮೆಲೇ ಸಾಯುತ್ತದೆ.

"ಲೈಟು, ಹಾರ್ನು, ಇಂಜಿನ್ನು, ಎಲ್ಲಾ ಒಂದ ಸಲ ಹೋಗ್ತೈತ್ರಿ. ಕಣ್ಣ ಪಿಳುಕಿಸೂದ್ರಾಗ ಮತ್ತ ಬರ್ತೈತಿ. ಆದ್ರ ಆ ಹೊತ್ತಿನ್ಯಾಗ ಹಿಂದ ಬಸ್ಸು ಬರಾಕತ್ತಿರತೈತಿ ನೋಡ್ರಿ..."

ನಮ್ಮಲ್ಲಿ ವೈರಿಂಗಿನ ಕೆಲಸಕ್ಕೆ ಹಳೇ ಊರಿನ ಒಬ್ಬ ಉಸ್ತಾದರಿದ್ದರು. ಮಾತು ಕಡಿಮೆ. ಎಲ್ಲ ಒಟ್ಟಿಗೆ ಸಾಯುತ್ತದೆ ಎಂದ ಮೇಲೆ ತೊಂದರೆ ಬುಡದಲ್ಲೇ ಇರಬೇಕು ಎಂದರು. ಬ್ಯಾಟರಿ, ಅರ್ಥಿಂಗ್, ಫ್ಯೂಸು, ಚಾವಿಯ ಲಾಕ್, ಒಂದೊಂದನ್ನೇ ನೋಡಿದರು. ಚಾವಿಯನ್ನು ಅತ್ತಿತ್ತ ಅಲ್ಲಾಡಿಸಿದರು. ಗಾಡಿಯನ್ನು ಸ್ಟೇಷನ್ ಸುತ್ತ ಎರಡು ಸುತ್ತು ಓಡಿಸಿ ಬಂದರು. ಕುದುರೆಯ ಹಾಗೆ ಓಡಿತು. ನಾನು ಕಾರ್ಡಿನ ಮೇಲೆ ಬರೆದೆ: ತೊಂದರೆ ಕಂಡುಬಂದಿಲ್ಲ.

ಇಂಥ ದೂರುಗಳಿಗೆ ನಮ್ಮಲ್ಲಿ ಇದೊಂದೇ ಮದ್ದು. ನಮ್ಮ ಮುಂದೆ ಆಗದೆ ಇದ್ದದ್ದು ಆಗಿಯೇ ಇಲ್ಲ. ಕಾಕಾ ಕಾರ್ಡಿಗೆ ರುಜು ಹಾಕಿ, ಗೇಟಿನ ಹತ್ತಿರ ನಿಂತು, ಗಾಡಿಯ ಚಾವಿಯನ್ನು ಮತ್ತೆ ಗೊಂಚಲಿಗೆ ಪೋಣಿಸಿ, ಕಿಕ್ ಹೊಡೆದು ಹೋದರು. ನಾನು ನೋಡುತ್ತಿದ್ದೆ. ಪ್ರತಿಸಲವೂ ನೋಡಿದ್ದೇನೆ.

ಎರಡನೆಯ ಸಲ ಬಂದಾಗ ಜೊತೆಗೆ ಮಗ ಬಂದಿದ್ದ. ಕಾಕಾ ಉಸ್ತಾದರ ಹತ್ತಿರ ಹೋದಾಗ ಆತ ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದ. "ಅಂಕಲ್, ಅಪ್ಪಾಗ ವಯಸ್ಸಾಗೇತಿ. ಕ್ಲಚ್ ಬಿಟ್ಟು ಗಾಡಿ ಬಂದ್ ಮಾಡ್ಕೋತಾನ, ಆಮ್ಯಾಲ ಗಾಡೀ ಮ್ಯಾಲ ಹಾಕ್ತಾನ. ನೀವ ಹೇಳ್ರಿ, ಬಿಟ್ಟಬಿಡು ಅಂತ. ನಮ್ಮ ಮಾತು ಕೇಳಾಂಗಿಲ್ಲ."

ಮಗನ ಮೇಲೆ ತಪ್ಪು ಹೊರಿಸಲಾರೆ. ಅವನಿಗೂ ಭಯ, ಭಯದ ಬೆಲೆ ನನಗೆ ಗೊತ್ತು. ಪಟ್ಟಿಯ ಕೊನೆಯ ಸಾಲನ್ನು ನಾನು ಬರೆದದ್ದು ಅವತ್ತು.

ಮೂರನೆಯ ಸಲ ಕಾಕಾ ಒಬ್ಬರೇ ಬಂದರು. ಅಂಗಿ ಅದೇ ಬಿಳಿ, ಆದರೆ ಮೊಣಕೈ ತರಚಿತ್ತು. ಕುರ್ಚಿಯಲ್ಲಿ ಕೂತು, ನಾನು ಮುಂದಿಟ್ಟ ಕಾರ್ಡನ್ನು ಹಿಂದಕ್ಕೆ ಸರಿಸಿದರು.

"ನನಗ ರಿಪೇರಿ ಬ್ಯಾಡ್ರಿ. ಒಂದು ಸಾಲು ಬರದ ಕೊಡ್ರಿ. ಈ ಗಾಡಿಯೊಳಗ ದೋಷ ಐತಿ ಅಂತ. ಅಷ್ಟ ಸಾಕು."

"ಯಾಕ ಕಾಕಾ?"

"ಮನ್ಯಾಗ ತೋರಿಸ್ತೀನಿ. ಅಂಗಡ್ಯಾಗ ತೋರಿಸ್ತೀನಿ. ಮಗ ಶೇಠ್‌ಗೂ ಹೇಳ್ಯಾನ, ಅಪ್ಪನ ತಲಿ ನಿಲ್ಲವಲ್ದು ಅಂತ. ಬರೂ ತಿಂಗಳ ಕೀಲಿಕೈ ಬ್ಯಾರೇದವ್ರ ಕೈಗೆ ಕೊಡ್ರಿ ಅನ್ನಾಕತ್ತಾರ. ಇಷ್ಟು ವರ್ಷ ಒಂದ ದಿನ ಶಟರ್ ತಡಾ ಎತ್ತಿಲ್ಲ ನಾನು. ನನ್ನ ತಲಿ ನೆಟ್ಟಗೈತಿ ಅಂತ ನಾ ಹೇಳಿದ್ರ ಯಾರ್ ನಂಬ್ತಾರ? ನೀವು ಬರದ್ರ ನಂಬ್ತಾರ."

ಬರೆಯಬಹುದಿತ್ತು. ಆದರೆ ಕಂಡುಹಿಡಿಯದ ದೋಷವನ್ನು ಹೇಗೆ ಬರೆಯುವುದು? ಆ ಕಾಗದ ಹಿಡಿದು ಅವರು ಕಂಪನಿಗೆ ಹೋದರೆ? ಕಂಪನಿಯವರು ಮಾಲೀಕರನ್ನು ಕೇಳಿದರೆ? ಮಾಲೀಕರು ನನ್ನನ್ನು ಕೇಳಿದರೆ? ನನ್ನ ಮುಖ ನೋಡಿ ಕಾಕಾ ಎದ್ದು ನಿಂತರು.

"ಹಂಗಾರ ನನ್ನ ಹಿಂದ ಕುಂದರ್ರಿ. ಕೋಠಿ ಮಟ ಹೋಗಿ ಬರೂಣು. ನಿಮ್ಮ ಕಣ್ಣಲೆ ನೋಡ್ರಿ."

ಇದು ಮಾತ್ರ ನಾನು ಒಪ್ಪಿಕೊಂಡ ಒಂದೇ ಧೈರ್ಯದ ಕೆಲಸ. ಹೆಲ್ಮೆಟ್ಟಿನ ಪಟ್ಟಿಯನ್ನು ಎರಡು ಸಲ ಬಿಗಿದುಕೊಂಡೆ. ಅವರು ಬಂದೊಡನೆ ನಾನು ಬಿಡಿಸಿ ಕೊಟ್ಟಿದ್ದ ಗೊಂಚಲನ್ನು ಅವರು ಪ್ಯಾಂಟಿನ ಜೇಬಿಗೆ ಇಳಿಬಿಟ್ಟುಕೊಂಡು ಗಾಡಿ ಏರಿದರು. ನಾಂಪಲ್ಲಿಯಿಂದ ಅಬಿಡ್ಸ್, ಅಲ್ಲಿಂದ ಕೋಠಿ, ಮತ್ತೆ ವಾಪಸು. ಗುಂಡಿಗಳನ್ನು ಹುಡುಕಿ ಹುಡುಕಿ ಇಳಿಸಿದರು. ಪ್ರತಿ ಗುಂಡಿಗೆ ಜೇಬಿನ ಆ ಗೊಂಚಲು ನನ್ನ ಮೊಣಕಾಲಿಗೆ ಟಣ್ಣೆಂದು ಹೊಡೆಯುತ್ತಿತ್ತು. ನೋವಾಗಿ ಕಾಲು ಸರಿಸಿ ಕೂತೆ. ಗಾಡಿ ಒಂದು ಸಲವೂ ಕೆಮ್ಮಲಿಲ್ಲ.

ಇಳಿದ ಮೇಲೆ ಅವರು ನನ್ನ ಮುಖ ನೋಡಲಿಲ್ಲ. ಟ್ಯಾಂಕಿನ ಮೇಲೆ ಕೈಯಿಟ್ಟು, "ಇದಕ್ಕೂ ನಾ ಬ್ಯಾಡಾಗೀನಿ ನೋಡ್ರಿ" ಎಂದರು. ನಗಲು ನೋಡಿದರು...

ನಾಲ್ಕನೆಯ ಸಲ ಬಂದಾಗ ದೂರು ಹೇಳುವಾಗಲೇ ಅವರ ದನಿಯಲ್ಲಿ ಅನುಮಾನವಿತ್ತು. ಬಂದ್ ಬಿತ್ತು ಅನಸ್ತೈತ್ರಿ, ಎಂದರು. ಬಂದ್ ಬಿತ್ತು ಎನ್ನಲಿಲ್ಲ. ನಾನು ಗೊಂಚಲು ಬಿಡಿಸಿ ಕೊಟ್ಟೆ. ಉಸ್ತಾದರು ನೋಡಿದರು. ಕಾರ್ಡಿನ ಮೇಲೆ ಅದೇ ಸಾಲು ಬರೆದೆ.

ಅದಾಗಿ ಹತ್ತು ಹನ್ನೆರಡು ದಿನಕ್ಕೆ ಮಗ ಒಂದು ಟ್ರಾಲಿ ಆಟೋದಲ್ಲಿ ಗಾಡಿಯನ್ನು ಹಾಕಿಕೊಂಡು ಬಂದ. ಕೋಠಿಯ ತಿರುವಿನಲ್ಲಿ, ಪೈಪಿಗಾಗಿ ರಸ್ತೆ ಅಗೆದು ಮುಚ್ಚಿದ ಉಬ್ಬಿನ ಮೇಲೆ ಗಾಡಿ ನಿಂತಿತ್ತು. ಹಿಂದಿನ ಟೆಂಪೋ ನಿಲ್ಲಲಿಲ್ಲ. ಕಾಕಾ ಆಸ್ಪತ್ರೆಯಲ್ಲಿದ್ದರು. ಮಗ, ಇದನ್ನು ಮಾರಿಬಿಡಿ ಎಂದು ಹೇಳಿ ಅಲ್ಲಿಗೇ ಹೋದ.

ಆ ಹೊತ್ತಿಗೆ ನಾನು ಎದುರಿನ ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ಹಾಗಾಗಿ ಆ ಒಂದು ಸಲ ಮಾತ್ರ ಗಾಡಿ ನನ್ನ ಮೇಜನ್ನು ದಾಟದೆ ನೇರ ಒಳಗೆ ಹೋಯಿತು. ಚಾವಿ ಅದರಲ್ಲೇ ಇತ್ತು, ಗೊಂಚಲೂ ಅದರಲ್ಲೇ ಇತ್ತು.

ವಾಪಸು ಬಂದಾಗ ಉಸ್ತಾದರು ಕೈ ಮಾಡಿ ಕರೆದರು. ಸೊಟ್ಟಗಾದ ಗಾಡಿಯ ಚಾವಿ ತಿರುಗಿಸಿದರು. ಲೈಟು ಹತ್ತಿತು. ಗಾಡಿಯನ್ನು ಹಿಂದಿನಿಂದ ಎತ್ತಿ ನೆಲಕ್ಕೆ ಕುಕ್ಕಿದರು. ಗೊಂಚಲು ಜೋಲಿ ಹೊಡೆದು ಚಾವಿಯನ್ನು ಕೆಳಕ್ಕೆ ಜಗ್ಗಿತು. ಲೈಟು ಆರಿ ಹತ್ತಿತು. ಮತ್ತೆ ಕುಕ್ಕಿದರು, ಮತ್ತೆ ಆರಿ ಹತ್ತಿತು. ಆಮೇಲೆ ಗೊಂಚಲನ್ನು ಒಂದು ಬೆರಳಿನಿಂದ ಎತ್ತಿ ಹಿಡಿದು ಕುಕ್ಕಿದರು. ಲೈಟು ಅಲ್ಲಾಡಲಿಲ್ಲ.

ಇಷ್ಟು ವರ್ಷದ ಭಾರಕ್ಕೆ ಲಾಕ್ ಒಳಗೇ ಸವೆದಿತ್ತು. ಬರೀ ಚಾವಿ ಇದ್ದಾಗ ಗಟ್ಟಿ, ಭಾರ ಜಗ್ಗಿದಾಗ ಮಾತ್ರ ಸಂಪರ್ಕ ಬಿಡುತ್ತಿತ್ತು. ನಾಲ್ಕು ಸಲವೂ ಪರೀಕ್ಷೆಯ ಹೊತ್ತಿಗೆ ಲಾಕಿನಲ್ಲಿದ್ದದ್ದು ಬರೀ ಚಾವಿ.

"ಬಡೇಮಿಯಾ ಸಚ್ಚಿ ಬೋಲ್ರೆ ಥೇ," ಎಂದರು ಉಸ್ತಾದರು. ಹಿರಿಯರು ನಿಜವನ್ನೇ ಹೇಳುತ್ತಿದ್ದರು. ಗೊಂಚಲನ್ನು ಬಿಡಿಸಿ ನನ್ನ ಕೈಗಿಟ್ಟು, "ಜಾಕೆ ಬೋಲೋ" ಎಂದರು. ಹೋಗಿ ಹೇಳು. ನನ್ನನ್ನು ಬೈಯಲಿಲ್ಲ. ಆಮೇಲೆ ಕೆಲಸದ ಮಾತು ಬಿಟ್ಟು ಬೇರೆ ಮಾತನ್ನೂ ಆಡಲಿಲ್ಲ.

ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಎಂದಿನಂತೆ ಎಲ್ಲವನ್ನೂ ಊಹಿಸಿಕೊಂಡೆ. ಮಗ ಕೊರಳಪಟ್ಟಿ ಹಿಡಿಯುತ್ತಾನೆ. ಪೊಲೀಸರು ಬರುತ್ತಾರೆ. ಮಾಲೀಕರು ಕೈ ತೊಳೆದುಕೊಳ್ಳುತ್ತಾರೆ. ಯಾವುದೂ ಆಗಲಿಲ್ಲ. ಮಗ ಔಷಧ ತರಲು ಹೋಗಿದ್ದ. ಕಾಕಾ ಒಬ್ಬರೇ ಇದ್ದರು, ಎದೆಗೆ ಪಟ್ಟಿ ಕಟ್ಟಿತ್ತು, ಉಸಿರು ಸಣ್ಣಗೆ ಬರುತ್ತಿತ್ತು. ನನ್ನನ್ನು ಕಂಡು ಗುರುತು ಹಿಡಿದರು.

"ಏನರ ಸಿಕ್ಕಿತೇನ್ರಿ, ಗಾಡಿಯೊಳಗ?"

ಉತ್ತರ ನನ್ನ ಜೇಬಿನಲ್ಲೇ ಇತ್ತು. ಭಾರಕ್ಕೆ ಪ್ಯಾಂಟು ಜಗ್ಗುತ್ತಿತ್ತು.

"ಇನ್ನಾ ನೋಡಾಕತ್ತೀವಿ ಕಾಕಾ," ಎಂದೆ.

"ಸಿಗಾಂಗಿಲ್ಲ ಬಿಡ್ರಿ. ನಂದ ತಪ್ಪಿರಬೇಕು. ಎಲ್ಲಾರೂ ಹೇಳ್ತಾರಲ್ಲ..." ಕಣ್ಣು ಮುಚ್ಚಿ, ಮತ್ತೆ ತೆರೆದು, "ಕೀಲಿಕೈ ಎಲ್ಲಿ ಹ್ವಾದುವೋ ಏನೋ" ಎಂದರು.

ಗೊಂಚಲನ್ನು ತೆಗೆದು ಅವರ ಅಂಗೈಯಲ್ಲಿಟ್ಟೆ. ಬೆರಳು ಮಡಚಲು ಹೊತ್ತು ಹಿಡಿಯಿತು.

"ನೀವೊಬ್ರ ನೋಡ್ರಿ," ಎಂದರು. "ಪ್ರತಿಸಲ ಮರೀದ ಬಿಡಿಸಿ ಕೈಗೆ ಕೊಡ್ತೀರಿ."

ನಾಳೆ ಬಂದು ಹೇಳುತ್ತೇನೆ, ಸ್ವಲ್ಪ ಚೇತರಿಸಿಕೊಳ್ಳಲಿ, ಎಂದುಕೊಂಡು ಹೊರಬಿದ್ದೆ. ಮರುದಿನ ಹೋಗಲಿಲ್ಲ. ಅದರ ಮರುದಿನ ಹೋದಾಗ ಆ ಹಾಸಿಗೆಯ ಮೇಲೆ ಬೇರೆಯವರಿದ್ದರು. ಮಗನನ್ನು ಹುಡುಕಿಕೊಂಡು ಮನೆಗೆ ಹೋಗಿ, ಬಾಗಿಲ ಮುಂದಿನ ಚಪ್ಪಲಿಗಳ ರಾಶಿ ನೋಡಿ ತಿರುಗಿ ಬಂದೆ. ಕೆಲವು ವರ್ಷದ ಮೇಲೆ ಮಗನ ಸಂಸಾರ ಆ ಮನೆ ಬಿಟ್ಟಿತೆಂದು ಕೇಳಿದೆ.

ಕಾಕಾ ತೀರಿಕೊಂಡದ್ದಕ್ಕಿಂತ, ತಮ್ಮ ತಲೆಯೇ ನೆಟ್ಟಗಿಲ್ಲವೆಂದು ಒಪ್ಪಿಕೊಂಡು ತೀರಿಕೊಂಡದ್ದು ನನ್ನನ್ನು ಬಿಟ್ಟಿಲ್ಲ. ಇವತ್ತಿಗೂ ಕೋಠಿಯಲ್ಲಿ ಬಸ್ಸಿಳಿದರೆ ಶಟರ್ ಎತ್ತುವ ಸದ್ದಿಗೆ ತಲೆ ತಗ್ಗಿಸಿ ನಡೆಯುತ್ತೇನೆ.

ಕಾರ್ಡು ಈಗ ನನ್ನ ಮುಂದಿದೆ. ಪಟ್ಟಿಯ ಕೊನೆಯ ಸಾಲನ್ನು ಹೊಡೆದುಹಾಕಿದೆ. ಅದರ ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಯಾರಿಗೆ ಮುಟ್ಟಿಸುವುದೋ ಗೊತ್ತಿಲ್ಲ, ಆದರೂ ಅವರು ಕೇಳಿದ್ದ ಸಾಲನ್ನು ಬರೆದೆ. ಈ ಗಾಡಿಯೊಳಗೆ ದೋಷ ಇತ್ತು. ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ, ಪೆನ್ನು ಎತ್ತಲಾಗಲಿಲ್ಲ. ಇನ್ನೊಂದು ಸಾಲನ್ನೂ ಬರೆದೆ. ಪರೀಕ್ಷೆಗೆ ಮುಂಚೆ, ನಾಲ್ಕು ಸಲವೂ, ಗೊಂಚಲು ಬಿಡಿಸಿದವನು ನಾನು.