ಮೊರದ ಮಟ್ಟದ ಕಿಟಕಿ

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವರ ಹಳೆಯ ಮನೆಗಳನ್ನು ದುರಸ್ತಿ ಮಾಡಿಸುವಾಗ ನಮ್ಮ ಬೀದಿಯ ಸಾಲಿಗೆ ಬಂದವರು ಒಬ್ಬ ವಯಸ್ಸಾದ ಗೌಂಡಿ. ನಮಗೆಲ್ಲ ಅವರು ಗೌಂಡಿ ಕಾಕಾ. ಗೋಡೆ ಕಟ್ಟುವುದಕ್ಕಿಂತ ನೆಲದ ಮೇಲೆ ಕೂರುವುದೇ ಹೆಚ್ಚೆಂದು ನಾವು ಹುಡುಗಿಯರು ನಗುತ್ತಿದ್ದೆವು. ಕಿಟಕಿ ಇಡುವ ಮೊದಲು ಆ ಮನೆಯವಳು ಎಲೆ-ತಂಬಾಕು ಇಟ್ಟುಕೊಳ್ಳುವ ಮೊರವನ್ನೇ ಇಸಿದುಕೊಂಡು, ಚಕ್ಕಳಮಕ್ಕಳ ಹಾಕಿ ಕೂತು, ಅದನ್ನು ತೊಡೆಯ ಮೇಲಿಟ್ಟು, ಬರಿಗೈಯಲ್ಲಿ ಇಲ್ಲದ ಬೀಡಿ ಸುತ್ತುತ್ತಿದ್ದರು. ಮೊರದೊಳಗೆ ಬೆಳಕು ಬೀಳುವಷ್ಟು ತಗ್ಗಿನಲ್ಲಿ ಗೋಡೆಗೆ ಗೆರೆ ಎಳೆಯುತ್ತಿದ್ದರು. ಚೌಕಟ್ಟು ಕೂರಿಸಿದ ಮೇಲೆ ಎಲ್ಲರಿಗೂ ಒಂದೇ ಮಾತು: "ಕುಂತ ನೋಡ್ರೆವ್ವಾ."

ನಮ್ಮ ಮನೆಯಲ್ಲೂ ಹಾಗೇ ಹೇಳಿದರು. ಅವ್ವ ಕೂರಲಿಲ್ಲ.

"ನಾ ಕುಂತಿದ್ದು ಸಾಕಾಗೇತ್ರಿ ಅಣ್ಣಾ. ಕಾಲೇಜಿಗೆ ಹೋಗೋ ನನ್ನ ಮಗಳೂ ಮೊರ ಹಿಡಕೊಂಡು ಇಲ್ಲೇ ಕುಂದ್ರಬೇಕೇನ್ರಿ? ಕಿಟಕಿ ಮ್ಯಾಲ ಮಾಡ್ರಿ."

ಕಾಕಾ ಗಾರೆ ಮೆತ್ತುವ ಥಾಪಿಯ ಹಿಡಿಕೆಯಿಂದ ತಲೆ ಕೆರೆದುಕೊಂಡರು. "ಇದು ನನ್ನ ತಲಿಗೆ ಹೊಳೀಲೇ ಇಲ್ಲ ನೋಡವಾ."

ಗಾರೆ ಇನ್ನೂ ಹಸಿಯಾಗಿತ್ತು. ಚೌಕಟ್ಟನ್ನು ತಾವೇ ಬಿಡಿಸಿದರು. ಈ ಸಲ ಮೊರ ಕೇಳಲಿಲ್ಲ. ಅವ್ವನನ್ನು ಗೋಡೆಯ ಮುಂದೆ ನಿಲ್ಲಿಸಿ, ಅವಳ ಎದೆಯ ಮಟ್ಟಕ್ಕೆ ಗೆರೆ ಎಳೆದರು. ಸಂಜೆಗೆ ಚೌಕಟ್ಟು ಮತ್ತೆ ಕೂತಿತು. "ಕುಂತ..." ಎಂದವರು ನಾಲಿಗೆ ಕಚ್ಚಿಕೊಂಡು, "ನಿಂತ ನೋಡ್ರೆವ್ವಾ" ಎಂದರು.

ಅವ್ವ ಚೌಕಟ್ಟಿಗೆ ಮೊಣಕೈ ಊರಿ ನಿಂತು, ಬೀದಿಯನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದಳು. ಎದುರು ಮನೆಯವಳು ತನ್ನ ತಗ್ಗಿನ ಕಿಟಕಿಯ ಹಿಂದೆ ಬೀಡಿ ಕಟ್ಟುತ್ತ ಕೂತಿದ್ದಳು. ಅವಳು ಮೊರ ಕೆಳಗಿಟ್ಟು ಕೂಗಿದಳು:

"ಅಣ್ಣಾ, ನಮ್ಮದೂ ಏರಸ್ರಿ!"

ಕಾಕಾ ಮತ್ತೆ ತಲೆ ಕೆರೆದುಕೊಂಡರು.