ಅವ್ವ ಕರೆಯದ ಹೆಸರು

ಗಂಧ ತೇಯುವ ವಾಸನೆ ಬಂದರೆ ಸಾಕು, ನಾನು ಯಾರೆಂಬುದೇ ನನಗೆ ಗೊಂದಲವಾಗುತ್ತದೆ. ವಿಶಾಖಪಟ್ಟಣದಲ್ಲಿ, ಸಿಂಹಾಚಲದ ಗುಡ್ಡ ಕಾಣುವ ಬಾಡಿಗೆ ಮನೆಯಲ್ಲಿ, ಅಪ್ಪ ಬ್ಯಾಂಕಿಗೆ ಹೊರಡುವ ಹೊತ್ತಿಗೆ ಅವ್ವ ದೇವರಿಗೆಂದು ಗಂಧ ತೇಯುತ್ತ ಕೂತಿರುತ್ತಿದ್ದಳು. ಆ ಸಾಣೆಕಲ್ಲು ಅಪ್ಪನ ವರ್ಗಾವಣೆಯ ಜೊತೆ ಧಾರವಾಡದಿಂದ ಬಂದದ್ದು. ಅಜ್ಜನೂ ಹಾಗೆಯೇ ಬಂದವನು. ಅಜ್ಜನ ಹೆಸರು ಪ್ರಹ್ಲಾದ. ನನಗೂ ಅದನ್ನೇ ಇಟ್ಟರು. ಸೊಸೆ ಮಾವನ ಹೆಸರೆತ್ತಬಾರದಲ್ಲ, ಹಾಗಾಗಿ ಹೆತ್ತ ಮಗನನ್ನು ಹೆಸರು ಹಿಡಿದು ಕರೆಯುವ ಭಾಗ್ಯ ಅವ್ವನಿಗಿರಲಿಲ್ಲ. ಪ್ರಹ್ಲಾದ ಎಂದರೆ ಪರಮ ಸಂತೋಷ ಎಂದು ಅಜ್ಜನೇ ಹೇಳಿದ್ದನಂತೆ. ಅವಳು ಆ ಅರ್ಥವನ್ನು ಹಿಡಿದುಕೊಂಡು ನನ್ನನ್ನು ‘ಆನಂದ’ ಎಂದಳು. ಪಕ್ಕದ ಮನೆಯ ತೆಲುಗು ಅಜ್ಜಿಯೂ “ಆನಂದೂ, ಇಟು ರಾ” ಎಂದು ಕರೆದು ಹೆಸರುಕಾಳಿನ ದೋಸೆ ಪೆಸರಟ್ಟು ಕೊಡುತ್ತಿದ್ದಳು. ಶಾಲೆಯ ಹಾಜರಿಯಲ್ಲಿ ಪ್ರಹ್ಲಾದ ಎಂದು ಕೂಗಿದರೆ, ಅಜ್ಜ ಬಂದನೇನೋ ಎಂದು ನಾನು ಬಾಗಿಲ ಕಡೆ ನೋಡುತ್ತಿದ್ದೆ.

ಸಿಂಹಾಚಲದ ನರಸಿಂಹನನ್ನು ಅಲ್ಲಿ ನಿಲ್ಲಿಸಿದವನೇ ಪುರಾಣದ ಪ್ರಹ್ಲಾದನಂತೆ. ಆ ಊರಿನಲ್ಲಿದ್ದು ಆ ಕತೆ ಹೇಳದಿರುವುದುಂಟೇ? ಅವ್ವ ಹೆಸರೊಂದನ್ನು ಬಿಟ್ಟು ಎಲ್ಲ ಹೇಳುತ್ತಿದ್ದಳು. “ಆ ಹುಡುಗ ಕಂಬ ತೋರಿಸಿದ ನೋಡು...” ಯಾವ ಹುಡುಗ ಎಂದು ನಾನು ಕೆಣಕಿದರೆ, “ನಿಮ್ಮಜ್ಜನ ಹೆಸರಿನಂವ” ಎನ್ನುವಳು, ಒಳಗೆ ಅಜ್ಜ ಕೆಮ್ಮುವನು. ಒಮ್ಮೆಯಾದರೂ ಅವಳ ಬಾಯಲ್ಲಿ ನನ್ನ ಹೆಸರು ಕೇಳಬೇಕು ಎಂಬುದೇ ನನ್ನ ಹಟವಾಯಿತು. ಅಜ್ಜ ತೀರಿಕೊಂಡ ಮೇಲೂ ಗೋಗರೆದೆ. “ಹೋದವರು ಹಿರಿಯರಲ್ಲೇನು?” ಎಂದುಬಿಟ್ಟಳು.

ಆ ಮನೆ ಈಗಿಲ್ಲ, ಅಪ್ಪನೂ ಇಲ್ಲ. ನಾನೀಗ ಅದೇ ಊರಿನಾಚೆಯ ಪರವಾಡದ ಔಷಧಿ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಓಡಾಡುವ ಪ್ರಹ್ಲಾದ್ ಗಾರು. ಅವ್ವ ವಿಜಯವಾಡದ ಒನ್ ಟೌನಿನಲ್ಲಿ, ತೆಲುಗರ ಮನೆಗೆ ಸೊಸೆಯಾಗಿ ಹೋದ ನನ್ನ ತಂಗಿಯ ಹತ್ತಿರ ಇದ್ದಾಳೆ. ಅವಳ ನೆನಪು ಒಂದೊಂದಾಗಿ ಜಾರುತ್ತಿದೆ. ನಿಮ್ಮ ಮನೆಯಲ್ಲೂ ಅಂಥ ಹಿರಿಯರಿದ್ದರೆ ನಿಮಗೆ ಗೊತ್ತಿರುತ್ತದೆ, ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂದು ಹೇಳಲಾಗುವುದಿಲ್ಲ. ಮೊನ್ನೆ ಸಿಂಹಾಚಲದ ಗಂಧ ಒಯ್ದಿದ್ದೆ. ಬೆರಳಲ್ಲಿ ಮುಟ್ಟಿ, ಮೂಸಿ, ನನ್ನ ಮುಖ ನೋಡಿ, “ನೀವು ಯಾರ್ರಿ? ಹೆಸರೇನು?” ಎಂದಳು.

“ಪ್ರಹ್ಲಾದ,” ಎಂದೆ.

“ಪ್ರಹ್ಲಾದ,” ಎಂದಳು ಅವ್ವ, ಒಂದಿಷ್ಟೂ ತಡವರಿಸದೆ. “ಛಲೋ ಹೆಸರು.”

ಅವಳಿಗೆ ತನ್ನ ಮಾವನೂ ಮರೆತುಹೋಗಿದ್ದ. ಇಷ್ಟು ವರ್ಷ ಕಾದದ್ದು ಸಿಕ್ಕಿತೋ ಇದ್ದದ್ದೂ ಹೋಯಿತೋ ತಿಳಿಯಲಿಲ್ಲ. ಅವಳು ಗಂಧದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಬಾಗಿಲ ಕಡೆ ನೋಡಿದಳು.

“ನಮ್ಮ ಆನಂದ ಯಾವಾಗ ಬರ್ತಾನ್ರಿ?”

“ಬರ್ತಾನವ್ವಾ,” ಎಂದೆ.