ಕಲ್ಲು ಆರಿಸುವ ಕಣ್ಣು

ಬೆಳಗಿನ ಐದೂವರೆ. ಕಲಬುರಗಿಯ ಸೇಡಂ ರಸ್ತೆಗೆ ಹತ್ತಿರದ ಬಡಾವಣೆಯೊಂದರ ಬುದ್ಧ ವಿಹಾರದ ಅಂಗಳದಲ್ಲಿ ಹನ್ನೊಂದು ಹುಡುಗಿಯರು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದಾರೆ. ಅವರೆದುರು ರಮಾಬಾಯಿ ಸೆರಗನ್ನು ಸೊಂಟಕ್ಕೆ ಬಿಗಿದು, ಗುದ್ದು ತಡೆಯುವ ಕರಾಟೆ ಪ್ಯಾಡ್ ತೊಟ್ಟ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿ ನಿಂತಿದ್ದಾರೆ. ಯಾರೂ ಮಾತಾಡುವುದಿಲ್ಲ. ಥಟ್ಟನೆ ಒಂದು ಪ್ಯಾಡ್ ಮೇಲೆ ಬರುತ್ತದೆ. ಹದಿನೈದರ ತೂಬಾಳ ಮುಷ್ಟಿ ಅದಕ್ಕೆ ತಾಗಿ ಸದ್ದಾಗುತ್ತದೆ. ಮುಂದಿನ ಸಲ ರಮಾಬಾಯಿ ಭುಜವನ್ನಷ್ಟೇ ಅಲುಗಿಸುತ್ತಾರೆ. ತೂಬಾ ಮೋಸ ಹೋಗಿ ಗಾಳಿಗೆ ಗುದ್ದುತ್ತಾಳೆ.

ರಮಾಬಾಯಿ ಅವಳ ಕಿವಿಯ ಹತ್ತಿ ತೆಗೆದು ಹೇಳುತ್ತಾರೆ: "ಕಲ್ಲು ಬಿಟ್ಟು ಕಾಳಿಗಿ ಕೈ ಹಾಕಿದಿ ನೋಡವ್ವ."

ಇದು ಕರಾಟೆ ಮಾತಲ್ಲ, ಬೇಳೆ ಮಿಲ್ಲಿನ ಮಾತು. ನಲವತ್ತೇಳರ ರಮಾಬಾಯಿ ಹತ್ತೊಂಬತ್ತು ವರ್ಷಗಳಿಂದ ನಂದೂರಿನ ಸಣ್ಣ ಮಿಲ್ಲೊಂದರಲ್ಲಿ, ಓಡುವ ಬೆಲ್ಟಿನ ಮೇಲಿನ ತೊಗರಿಬೇಳೆಯಿಂದ ಕಲ್ಲು ಆರಿಸುತ್ತಾರೆ.

"ಮಷಿನಿನ ಸಪ್ಪಳಕ್ಕ ಬಾಜೂಕಿನಾಕಿ ಒದರಿದ್ರೂ ಕೇಳಂಗಿಲ್ಲರಿ. ಕಲ್ಲು ಬಂತು ಅಂತ ಯಾರೂ ಹೇಳಂಗಿಲ್ಲ. ಕಣ್ಣು ನೋಡಬೇಕು, ಕೈ ಹೋಗಬೇಕು. ಮತ್ತ ಕರ್ರಗ ಇದ್ದದ್ದೆಲ್ಲಾ ಕಲ್ಲಲ್ಲ. ಸಿಪ್ಪಿ ಹೋಗದ ಕಾಳೂ ಹಂಗೇ ಕಾಣ್ತದ. ಅದನ್ನ ಬಿಡಬೇಕು."

ಆರು ವರ್ಷದ ಹಿಂದೆ ಸುನೀಲಕುಮಾರ ಎಂಬ ಮಾಸ್ತರರು ಇಲ್ಲಿ ಕರಾಟೆ ತರಗತಿ ಶುರು ಮಾಡಿದರು. ಅಂಗಳ ಗುಡಿಸಲು ಬರುತ್ತಿದ್ದ ರಮಾಬಾಯಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಮಾಸ್ತರರಿಗೆ ಬೀದರಿಗೆ ವರ್ಗವಾದಾಗ ತರಗತಿ ನಿಂತೇ ಹೋಗುವುದಿತ್ತು. ರಮಾಬಾಯಿ ಪ್ಯಾಡ್ ಎತ್ತಿಕೊಂಡರು. ತಿಂಗಳಿಗೆರಡು ಭಾನುವಾರ ಮಾಸ್ತರರು ಬಂದು ಹೆಜ್ಜೆ, ಒದೆತ ತಿದ್ದುತ್ತಾರೆ. ಉಳಿದ ದಿನ ಇವರೇ. ದಿನಕ್ಕೆ ಎಷ್ಟು ಗುದ್ದು ತಿನ್ನುತ್ತಾರೆಂದು ನಾನೇ ಎರಡು ಬೆಳಿಗ್ಗೆ ಕೂತು ಎಣಿಸಿದೆ. ಎರಡು ದಿನದ ಲೆಕ್ಕ ಒಂದೇ ಬರಲಿಲ್ಲ. ಆರುನೂರಕ್ಕೆ ಕಡಿಮೆಯಂತೂ ಇಲ್ಲ. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡೇ ಎಂಟಕ್ಕೆ ಮಿಲ್ಲಿಗೆ ಹೋಗುತ್ತಾರೆ.

"ಬ್ಯಾಳಿ ಆರಿಸೋ ಮುದುಕಿ ಕರಾಟೆ ಕಲಿಸ್ತಾಳಂತ ನಗ್ತಾರ. ಬ್ಯಾಳಿ ಆರಿಸೋದು ಖರೇನೇ. ಮುದುಕಿ ಅಂದದ್ದಕ್ಕ ಸಿಟ್ಟು ಬಂತು," ಎನ್ನುತ್ತಾರೆ.

ಕಳೆದ ವರ್ಷ ಕಮಲಾಪುರದ ಪಂದ್ಯದಲ್ಲಿ ಆದದ್ದು ನಗುವ ವಿಷಯವಾಗಿರಲಿಲ್ಲ. ಅಂಕಣದ ಬದಿಯಲ್ಲಿ ಪ್ರತಿ ಆಟಗಾರ್ತಿಯ ತರಬೇತುದಾರರಿಗೆ ಒಂದು ಕುರ್ಚಿ ಇರುತ್ತದೆ. ಕರಾಟೆ ಬೆಲ್ಟ್ ಪಡೆಯದವರು ಅದರಲ್ಲಿ ಕೂರಬಾರದೆಂದು ಸಂಘಟಕರೊಬ್ಬರು ರಮಾಬಾಯಿಯನ್ನು ಎಬ್ಬಿಸಿ ಹೊರಗೆ ಕಳಿಸಿದರು. ಅಂಕಗಳು ಸಮವಾಗಿದ್ದಾಗ ತೂಬಾ ಆ ಖಾಲಿ ಕುರ್ಚಿಯ ಕಡೆ ತಿರುಗಿದಳು. ಅಷ್ಟರಲ್ಲಿ ಎದುರಾಳಿಯ ಗುದ್ದು ಎದೆಗೆ ಬಿತ್ತು. ಸೋತಳು.

"ನೀವು 'ಹ್ಞೂಂ' ಅಂತೀರಿ ಅಂತ ಕಾದೆ, ಮೌಶಿ," ಎಂದಳಂತೆ, ವಾಪಸು ಬರುವ ಬಸ್ಸಿನಲ್ಲಿ.

ಆಗೆಲ್ಲ ಪ್ಯಾಡ್ ಎತ್ತುವಾಗ ರಮಾಬಾಯಿ 'ಹ್ಞೂಂ' ಎನ್ನುತ್ತಿದ್ದರು. "ತಪ್ಪು ಆಕಿದಲ್ಲರಿ, ನಂದು. ಕಣ್ಣಿನ ಕೆಲಸಕ್ಕ ಕಿವಿ ಕಾಯೋದು ನಾನೇ ಕಲಿಸಿಬಿಟ್ಟಿದ್ದೆ. ಮಿಲ್ಲಿನಾಗ ಇಷ್ಟು ವರ್ಷ ದುಡಿದೂ ಇದು ತಿಳೀಲಿಲ್ಲ ನನಗ." ಮರುದಿನ ಹತ್ತಿ ಬಂತು, 'ಹ್ಞೂಂ' ನಿಂತಿತು. ಪಂದ್ಯದಲ್ಲಿ ತೀರ್ಪುಗಾರರ ಮಾತು ಕೇಳಬೇಕಾದ್ದರಿಂದ ಅಲ್ಲಿ ಹತ್ತಿ ಇಲ್ಲ.

ಹೋದ ಭಾನುವಾರ ಮತ್ತೆ ಕಮಲಾಪುರ. ಅದೇ ಸಂಘಟಕರು, ಅದೇ ಮಾತು. ಈ ಸಲ ರಮಾಬಾಯಿ ತಾವೇ ಎದ್ದರು. "ಕುರ್ಚಿ ನಿಮ್ಮದೇ ಇರ್ಲಿ, ಸರ್. ಖಾಲೀನೇ ಇಡ್ರಿ. ಅದರಾಗ ಮತ್ಯಾರನ್ನೂ ಕೂಡಿಸಬ್ಯಾಡ್ರಿ."

ಬಾಗಿಲ ಬಳಿ ನಿಂತು ನೋಡಿದರು. ಕೊನೆಯ ಪಂದ್ಯದಲ್ಲಿ ಆಚೆ ಕುರ್ಚಿಯ ತರಬೇತುದಾರ ಒಂದೇ ಸಮನೆ ಕೂಗುತ್ತಿದ್ದ. ಎದುರಾಳಿ ಭುಜ ಅಲುಗಿಸಿದಳು, ತೂಬಾ ಕದಲಲಿಲ್ಲ. ಎರಡನೆಯ ಸಲ ನಿಜವಾದ ಗುದ್ದು ಹೊರಟಿತು. ಅದು ತಲುಪುವ ಮೊದಲೇ ತೂಬಾಳದು ತಲುಪಿತ್ತು.

ಇವತ್ತಿನ ತರಗತಿ ಮುಗಿದ ಮೇಲೆ, ಬೆಲ್ಟ್ ಪರೀಕ್ಷೆಗೆ ಕೂರುತ್ತೀರಾ ಎಂದು ರಮಾಬಾಯಿಯನ್ನು ಕೇಳಿದೆ. "ಟೊಂಕಕ್ಕ ಕಟ್ಟಲಿಕ್ಕ ಸೆರಗ ಅದ ಅಲ್ಲೇನ್ರಿ," ಎಂದು ಪ್ಯಾಡ್‌ಗಳನ್ನು ಚೀಲಕ್ಕೆ ಹಾಕಿದರು. ಹೊರಗೆ ಮಿಲ್ಲಿನ ಆಟೊ ಹಾರ್ನ್ ಹೊಡೆಯುತ್ತಿತ್ತು. ಗೇಟಿನ ತನಕ ಹೋದವರು ನಿಂತರು.

"ಪದಕ ಬಂತು, ಖುಷಿ ಆಯ್ತು. ಖರೆ ನಾ ನೋಡಿದ್ದು ಬ್ಯಾರೆ. ಮೂರು ಪಂದ್ಯ ಆದ್ವು. ಹುಡುಗಿ ಒಂದು ಸಲ ಸುದ್ದಾ ನನ್ನ ಕಡಿ ತಿರುಗಿ ನೋಡಲಿಲ್ಲ."